ದಾಸ್ಯವಿಮೋಚನೆಯ ಉಗ್ರಪಥ: ಅಮೆರಿಕದ ಅಂತರ್ಯುದ್ಧಕ್ಕೆ ಮುನ್ನ

೧

ಕ್ರಿ. ಶ. ೧೮೫೯ನೆಯ ಡಿಸೆಂಬರ್ ೨ರಂದು ವರ್ಜೀನಿಯಾ ಸಂಸ್ಥಾನದ ಚಾರ್ಲ್ಸ್ ಟೌನ್ ಎಂಬ ಸಣ್ಣ ಊರಿನಲ್ಲಿ ಐವತ್ತೊಂಬತ್ತು ವರ್ಷದ ಮುದುಕನೊಬ್ಬನನ್ನು ಗಲ್ಲಿಗೇರಿಸಿದರು. ಅವನ ಹೆಸರು ಜಾನ್ ಬ್ರೌನ್. ಇಪ್ಪತ್ತೊಂದು ಮಂದಿ ಅನುಚರರನ್ನು ಕಟ್ಟಿಕೊಂಡು, ಹಾರ್ಪರ್ಸ್ ಫೆರಿಯಲ್ಲಿದ್ದ ಕೇಂದ್ರ ಸರಕಾರದ ಶಸ್ತ್ರಾಗಾರವನ್ನು ಹಿಡಿದು, ಗುಲಾಮರ ಬಿಡುಗಡೆಗೆ ಯುದ್ಧ ಹೂಡಹೊರಟುದು ಅವನ ಅಪರಾಧ. ವಧಸ್ತಂಭದ ಸುತ್ತ ಸೈನಿಕರ ಭಾರಿ ಕಾವಲಿದ್ದಿತು. ಅಂದು ಅಲ್ಲಿ ನಿಂತು ನೋಡಿದವರಲ್ಲಿ, ಮುಂದೆ ದಕ್ಷಿಣದ ಸೇನಾನಿಯಾಗಿ ಹೆಸರಾದ ಥಾಮಸ್ ಜ್ಯಾಕ್ಸನ್ನನೂ, ೧೮೬೫ರಲ್ಲಿ ಅಬ್ರಹಾಂ ಲಿಂಕನ್ನನನ್ನು ಕೊಂದ ಜಾನ್ ವಿಲ್ಕ್ಸ್ ಬೂತನೂ ಇದ್ದರು. ಇದಾದ ಹದಿನಾರು ತಿಂಗಳಿಗೆ ಸಮ್ಟರ್ ಕೋಟೆಯ ಮೇಲೆ ಫಿರಂಗಿಗಳು ಹಾರಿದುವು. ನಾಲ್ಕು ವರ್ಷ ನಡೆದ ಆ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಮಡಿದರು.

ಬ್ರೌನನ ಸಾವಿಗೂ ಈ ಮಹಾಯುದ್ಧಕ್ಕೂ ಇರುವ ಸಂಬಂಧ ಎಂತಹುದು? ಇತಿಹಾಸಕಾರರಲ್ಲಿ ಈ ಕುರಿತು ಏಕಾಭಿಪ್ರಾಯವಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜೇಮ್ಸ್ ರ್‍ಯಾಂಡಲ್, ಏವರಿ ಕ್ರೇವನ್ ಮೊದಲಾದವರು, ಇದು ತಪ್ಪಿಸಬಹುದಾಗಿದ್ದ ಯುದ್ಧವೆಂದೂ, ಎರಡೂ ಪಕ್ಷಗಳ ಅತಿರೇಕಿಗಳು ಜನರ ಮನಸ್ಸನ್ನು ಕೆಡಿಸಿ ತಂದ ಅನರ್ಥವೆಂದೂ ವಾದಿಸಿದರು. ಅದಕ್ಕೆ ಮುಂಚೆಯೇ, ೧೯೦೯ರಲ್ಲಿ, ಕರಿಯ ವಿದ್ವಾಂಸನಾದ ಡು ಬಾಯ್ಸ್ ಬ್ರೌನನ ಚರಿತ್ರೆಯನ್ನು ಬರೆದು, ಅವನನ್ನು ಹುಚ್ಚನೆಂದು ತಳ್ಳಿಹಾಕುವವರಿಗೆ ಉತ್ತರ ಕೊಟ್ಟಿದ್ದನು. ಈಚೆಗೆ ಮನೀಶಾ ಸಿನ್ಹಾ (೨೦೧೬), ಕೆಲ್ಲಿ ಕಾರ್ಟರ್ ಜ್ಯಾಕ್ಸನ್ (೨೦೧೯) ಮೊದಲಾದವರ ಗ್ರಂಥಗಳು, ಗುಲಾಮರನ್ನೂ ಸ್ವತಂತ್ರ ಕರಿಯರನ್ನೂ ಈ ಚಳವಳಿಯ ಅಂಚಿನಿಂದ ನಡುವಿಗೆ ತಂದಿವೆ.

ಭಾರತೀಯ ವಾಚಕರಿಗೆ ಈ ಪ್ರಶ್ನೆ ಕೇವಲ ಪರದೇಶದ ಪ್ರಶ್ನೆಯಲ್ಲ. ಆಯುಧವನ್ನು ಮುಟ್ಟದೆಯೇ ಗುಲಾಮಗಿರಿಯನ್ನು ಅಳಿಸಬೇಕೆಂದು ಸಾರಿದ ವಿಲಿಯಂ ಲಾಯ್ಡ್ ಗ್ಯಾರಿಸನ್ನನನ್ನು ಟಾಲ್‌ಸ್ಟಾಯ್ ಆದರದಿಂದ ಸ್ಮರಿಸಿದನು. ಟಾಲ್‌ಸ್ಟಾಯನ ಆ ಗ್ರಂಥ ಗಾಂಧೀಜಿಯವರ ಮನಸ್ಸನ್ನು ರೂಪಿಸಿತು. ಕಾನೂನುಭಂಗದ ಕರ್ತವ್ಯವನ್ನು ಕುರಿತು ೧೮೪೯ರಲ್ಲಿ ಥೋರೋ ಪ್ರಕಟಿಸಿದ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಓದಿ ಮೆಚ್ಚಿಕೊಂಡರು. ಆದರೆ ಅದೇ ಥೋರೋ ೧೮೫೯ನೆಯ ಅಕ್ಟೋಬರ್ ೩೦ರಂದು ಕಾಂಕರ್ಡ್ ಊರಿನಲ್ಲಿ ಸಭೆ ಕರೆದು, ಖಡ್ಗ ಹಿಡಿದ ಜಾನ್ ಬ್ರೌನನನ್ನು ಎತ್ತಿಹಿಡಿದು ಭಾಷಣ ಮಾಡಿದನೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಶಾಂತಿಯ ಮಾತಿನಿಂದ ಹೊರಟ ಒಂದು ಚಳವಳಿ ಮೂವತ್ತು ವರ್ಷಗಳಲ್ಲಿ ಬಂದೂಕಿನ ಬಳಿಗೆ ಹೇಗೆ ಬಂದಿತು? ಅದನ್ನು ಅಲ್ಲಿಗೆ ತಂದವರು ಯಾರು? ಈ ಮೂವತ್ತು ವರ್ಷಗಳನ್ನು ಕ್ರಮವಾಗಿ ಪರಿಶೀಲಿಸಿದಲ್ಲದೆ ಉತ್ತರ ದೊರಕದು.

೨

ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ, ಗುಲಾಮಗಿರಿ ಕಾಲಕ್ರಮದಲ್ಲಿ ತಾನಾಗಿಯೇ ಕ್ಷೀಣಿಸೀತೆಂದು ಅಮೆರಿಕದ ರಾಜ್ಯನಿರ್ಮಾಪಕರಲ್ಲಿ ಅನೇಕರು ನಂಬಿದ್ದರು. ೧೭೯೩ರಲ್ಲಿ ಎಲೈ ವಿಟ್ನಿ ಎಂಬುವನು ಹತ್ತಿಯಿಂದ ಬೀಜವನ್ನು ಬಿಡಿಸುವ ಜಿನ್ ಯಂತ್ರವನ್ನು ರೂಪಿಸಿದ ಮೇಲೆ ಆ ನಂಬಿಕೆ ಬುಡಮೇಲಾಯಿತು. ೧೭೯೦ರ ಜನಗಣತಿಯಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರ ಸಂಖ್ಯೆ ೧೮೬೦ರ ವೇಳೆಗೆ ಮೂವತ್ತೊಂಬತ್ತೂವರೆ ಲಕ್ಷಕ್ಕೆ ಏರಿತು. ಆ ಹೊತ್ತಿಗೆ ದೇಶದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹತ್ತಿಯದೇ ಆಗಿದ್ದಿತು. ನ್ಯೂ ಯಾರ್ಕಿನ ಸಾಹುಕಾರರೂ ಲಿವರ್‌ಪೂಲಿನ ವರ್ತಕರೂ ಮ್ಯಾಂಚೆಸ್ಟರಿನ ಗಿರಣಿಗಳ ಒಡೆಯರೂ ಈ ಬೆಳೆಯ ಪಾಲುದಾರರು. ಹತ್ತಿಯ ಈ ಎಳೆ ಕರ್ಣಾಟಕವನ್ನೂ ಮುಟ್ಟದೆ ಬಿಡಲಿಲ್ಲ. ೧೮೪೦ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರಯತ್ನದಿಂದ ಧಾರವಾಡ ಸೀಮೆಗೆ ಬಂದ ನ್ಯೂ ಆರ್ಲಿಯನ್ಸ್ ತಳಿ 'ಧಾರವಾಡ-ಅಮೆರಿಕನ್' ಎಂಬ ಹೆಸರಿನಿಂದ ನೆಲೆಯೂರಿತು. ಅಂತರ್ಯುದ್ಧದಿಂದ ಅಮೆರಿಕದ ದಕ್ಷಿಣದ ಬಂದರುಗಳು ಮುಚ್ಚಿದಾಗ ಮುಂಬಯಿಯ ಹತ್ತಿಪೇಟೆ ಕಂಡ ಏರಿಕೆಯೂ, ೧೮೬೫ರಲ್ಲಿ ಶಾಂತಿ ನೆಲಸಿದೊಡನೆ ಉಂಟಾದ ಕುಸಿತವೂ ಸುಪ್ರಸಿದ್ಧ.

ಇಷ್ಟು ಲಾಭದ ಸಂಸ್ಥೆಯನ್ನು ಮೊದಲು ನೇರವಾಗಿ ಎದುರಿಸಿದವರು ಅದರ ಬಲಿಪಶುಗಳೇ. ೧೭೯೧ರಿಂದ ೧೮೦೪ರವರೆಗೆ ಹೋರಾಡಿ ಹೈಟಿ ದ್ವೀಪದ ಗುಲಾಮರು ಫ್ರೆಂಚರನ್ನು ಹೊರದೂಡಿ ಸ್ವತಂತ್ರ ರಾಜ್ಯವನ್ನು ಸ್ಥಾಪಿಸಿದುದು ದಕ್ಷಿಣದ ಒಡೆಯರ ನಿದ್ದೆಯನ್ನು ಕೆಡಿಸಿದ್ದಿತು. ೧೮೨೯ರಲ್ಲಿ ಬಾಸ್ಟನ್ ನಗರದಲ್ಲಿ ಹಳೆಯ ಬಟ್ಟೆಗಳ ಅಂಗಡಿ ಇಟ್ಟುಕೊಂಡಿದ್ದ ಡೇವಿಡ್ ವಾಕರ್ ಎಂಬ ಸ್ವತಂತ್ರ ಕರಿಯನು ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದನು. ಮನುಷ್ಯನನ್ನು ಪಶುವಾಗಿ ಕಾಣುವವನಿಗೆ ಪ್ರತಿಭಟನೆ ಒಡ್ಡುವುದು ಪಾಪವಲ್ಲವೆಂಬುದು ಅದರ ತಾತ್ಪರ್ಯ. ಹಡಗುಗಳ ನಾವಿಕರ ಮೂಲಕ ಅದು ಗುಟ್ಟಾಗಿ ದಕ್ಷಿಣದ ಬಂದರುಗಳನ್ನು ಸೇರಿತು. ಜಾರ್ಜಿಯಾ ಮೊದಲಾದ ಸಂಸ್ಥಾನಗಳು ಬೆದರಿ, ಇಂತಹ ಬರೆಹಗಳನ್ನು ಹರಡುವವರಿಗೆ ಕಠಿನ ಶಿಕ್ಷೆಯನ್ನು ವಿಧಿಸುವ ಶಾಸನಗಳನ್ನು ಮಾಡಿದುವು. ಗುಲಾಮರಿಗೆ ಅಕ್ಷರ ಕಲಿಸುವುದೂ ಅಪರಾಧವಾಯಿತು.

೧೮೩೧ನೆಯ ಆಗಸ್ಟ್ ತಿಂಗಳಲ್ಲಿ ವರ್ಜೀನಿಯಾದ ಸೌತಾಂಪ್ಟನ್ ಜಿಲ್ಲೆಯಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ನಾಯಕತ್ವದಲ್ಲಿ ದಂಗೆ ಎದ್ದಿತು. ಹೆಂಗಸರು ಮಕ್ಕಳೂ ಸೇರಿ ಸುಮಾರು ಐವತ್ತೈದು ಮಂದಿ ಬಿಳಿಯರು ಹತರಾದರು. ಪ್ರತೀಕಾರವಾಗಿ ದಂಗೆಯ ಸುದ್ದಿಯನ್ನೇ ಅರಿಯದಿದ್ದ ಅನೇಕ ಕರಿಯರನ್ನು ವಿಚಾರಣೆಯಿಲ್ಲದೆ ಕೊಂದರು. ಟರ್ನರನನ್ನು ನವೆಂಬರಿನಲ್ಲಿ ನೇಣಿಗೆ ಹಾಕಿದರು. ಆ ಭಯದಲ್ಲಿ ವರ್ಜೀನಿಯಾದ ಶಾಸನಸಭೆ, ಗುಲಾಮಗಿರಿಯನ್ನು ಮೆಲ್ಲಮೆಲ್ಲನೆ ನಿವಾರಿಸುವ ವಿಚಾರವನ್ನು ಬಹಿರಂಗವಾಗಿ ಚರ್ಚಿಸಿತು, ಚರ್ಚಿಸಿ ಕೈಬಿಟ್ಟಿತು. ಇದ್ದ ಕಟ್ಟುಕಟ್ಟಳೆಗಳು ಇನ್ನಷ್ಟು ಬಿಗಿಯಾದುವು. ದಕ್ಷಿಣದ ದೊಡ್ಡ ಸಂಸ್ಥಾನವೊಂದರ ಶಾಸನಸಭೆಯಲ್ಲಿ ಇಂತಹ ಮುಕ್ತ ಚರ್ಚೆ ಅನಂತರ ನಡೆಯಲಿಲ್ಲ.

೩

ಅದೇ ೧೮೩೧ರ ಜನವರಿ ೧ರಂದು ಗ್ಯಾರಿಸನ್ನನು ಬಾಸ್ಟನ್ನಿನಲ್ಲಿ 'ಲಿಬರೇಟರ್' ಪತ್ರಿಕೆಯನ್ನು ಆರಂಭಿಸಿದ್ದನು. ಗುಲಾಮಗಿರಿ ಪಾಪವಾದುದರಿಂದ ಅದನ್ನು ಕೂಡಲೇ ಬಿಡಬೇಕು, ಒಡೆಯರಿಗೆ ಪರಿಹಾರ ಸಲ್ಲದು ಎಂಬುದು ಅವನ ವಾದ. ವಾದ ಉಗ್ರ, ಮಾರ್ಗ ಸಾತ್ತ್ವಿಕ. ೧೮೩೩ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಥಾಪಿತವಾದ ಅಮೆರಿಕದ ಗುಲಾಮಗಿರಿ ವಿರೋಧಿ ಸಂಘ ತನ್ನ ಘೋಷಣೆಯಲ್ಲಿಯೇ ಆಯುಧಬಲವನ್ನು ತ್ಯಜಿಸಿತು. ಅಚ್ಚಿನ ಮೊಳೆ, ಅಂಚೆ, ಸಭೆ, ಮನವಿ—ಇವು ಅದು ನೆಚ್ಚಿದ್ದ ಸಾಧನಗಳು. ಇವುಗಳಲ್ಲಿ ಒಂದೊಂದಕ್ಕೂ ಒದಗಿದ ಗತಿಯನ್ನು ಗಮನಿಸಬೇಕು.

೧೮೩೫ರಲ್ಲಿ ಸಂಘ ತನ್ನ ಪತ್ರಿಕೆಗಳನ್ನು ದಕ್ಷಿಣದ ಪ್ರಮುಖರಿಗೆ ಅಂಚೆಯಲ್ಲಿ ಕಳುಹಿಸಿತು. ಜುಲೈ ತಿಂಗಳಲ್ಲಿ ಚಾರ್ಲ್ಸ್ಟನ್ ನಗರದ ಅಂಚೆಯ ಕಚೇರಿಗೆ ಗುಂಪು ನುಗ್ಗಿ, ಆ ಚೀಲಗಳನ್ನು ಹೊತ್ತು ತಂದು ಬೀದಿಯಲ್ಲಿ ಸುಟ್ಟಿತು. ಕೇಂದ್ರ ಸರಕಾರ ಕಣ್ಣು ಮುಚ್ಚಿಕೊಂಡಿತು. ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿಯೇ ಗ್ಯಾರಿಸನ್ನನಿಗೆ ಹಗ್ಗ ಬಿಗಿದು ಬೀದಿಯಲ್ಲಿ ಎಳೆದರು. ೧೮೩೬ರಲ್ಲಿ ಅಮೆರಿಕದ ಪ್ರತಿನಿಧಿಸಭೆ, ಗುಲಾಮಗಿರಿಯನ್ನು ಕುರಿತ ಮನವಿಗಳನ್ನು ಓದದೆ, ಚರ್ಚಿಸದೆ ಮೂಲೆಗಿಡಬೇಕೆಂದು ನಿಯಮ ಮಾಡಿತು. ಮಾಜಿ ಅಧ್ಯಕ್ಷನಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಸತತವಾಗಿ ಹೆಣಗಿ ೧೮೪೪ರಲ್ಲಿ ಅದನ್ನು ರದ್ದುಗೊಳಿಸುವವರೆಗೆ ಪ್ರಜೆಗಳ ಮೊರೆಗೆ ಅವರ ಪ್ರತಿನಿಧಿಗಳ ಸಭೆಯಲ್ಲಿಯೇ ಕಿವಿ ಇರಲಿಲ್ಲ. ೧೮೩೮ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ವಿಮೋಚನಾವಾದಿಗಳು ಕಟ್ಟಿಸಿದ ಸಭಾಭವನ, ತೆರೆದ ನಾಲ್ಕನೆಯ ದಿನವೇ ಗಲಭೆಕೋರರ ಬೆಂಕಿಗೆ ಆಹುತಿಯಾಯಿತು.

ಎಲೈಜಾ ಲವ್‌ಜಾಯನ ಕಥೆ ಇವೆಲ್ಲಕ್ಕಿಂತ ದಾರುಣ. ಇಲಿನಾಯ್ ಸಂಸ್ಥಾನದ ಆಲ್ಟನ್ ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಈ ಪಾದ್ರಿಯ ಮುದ್ರಣಯಂತ್ರವನ್ನು ವಿರೋಧಿಗಳು ಮತ್ತೆ ಮತ್ತೆ ಒಡೆದು ನದಿಗೆ ಎಸೆದರು. ೧೮೩೭ನೆಯ ನವೆಂಬರ್ ೭ರ ರಾತ್ರಿ ಹೊಸ ಯಂತ್ರವನ್ನು ಕಾಯಲು ಅವನೂ ಅವನ ಗೆಳೆಯರೂ ಬಂದೂಕು ಹಿಡಿದು ನಿಂತರು. ಲವ್‌ಜಾಯ್ ಗುಂಡೇಟಿಗೆ ಬಲಿಯಾದನು. ಗ್ಯಾರಿಸನ್ನನು ಅವನ ಸಾವಿಗೆ ಮರುಗಿದನಾದರೂ, ಅವನು ಆಯುಧ ಹಿಡಿದುದಕ್ಕೆ ವಿಷಾದಪಟ್ಟನು. ಆದರೆ ಅನೇಕ ತರುಣರ ಮನಸ್ಸು ಬೇರೆ ಪಾಠವನ್ನು ಕಲಿತಿತು. ಓಹಾಯೋ ಸಂಸ್ಥಾನದ ಹಡ್ಸನ್ ಊರಿನ ಸಂತಾಪಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಂತು, ತನ್ನ ಬಾಳನ್ನು ಗುಲಾಮಗಿರಿಯ ನಾಶಕ್ಕೆ ಮೀಸಲಿಡುವುದಾಗಿ ಪ್ರತಿಜ್ಞೆ ಮಾಡಿದವನು ಜಾನ್ ಬ್ರೌನನೆಂದು ಅವನ ಚರಿತ್ರಕಾರರು ಹೇಳುತ್ತಾರೆ.

ಕರಿಯ ನಾಯಕರಲ್ಲಿ ಈ ಜಿಜ್ಞಾಸೆ ಇನ್ನೂ ತೀವ್ರವಾಗಿ ನಡೆಯಿತು. ೧೮೪೩ರಲ್ಲಿ ಬಫಲೋ ನಗರದಲ್ಲಿ ಸೇರಿದ ಅವರ ಸಮ್ಮೇಳನದಲ್ಲಿ, ಗುಲಾಮನಾಗಿ ಹುಟ್ಟಿ ಬಾಲ್ಯದಲ್ಲಿಯೇ ತಪ್ಪಿಸಿಕೊಂಡು ಬಂದಿದ್ದ ಹೆನ್ರಿ ಹೈಲಂಡ್ ಗಾರ್ನೆಟ್ ಎಂಬ ಪಾದ್ರಿ, ಗುಲಾಮರು ದುಡಿಮೆಯನ್ನು ನಿಲ್ಲಿಸಿ ಪ್ರತಿಭಟಿಸಲಿ, ಸಾಯಬೇಕಾಗಿ ಬಂದರೂ ಸಾಯಲಿ ಎಂದು ಕರೆ ಕೊಡಬಯಸಿದನು. ಗ್ಯಾರಿಸನ್ನನ ಶಿಷ್ಯನಾಗಿದ್ದ ಫ್ರೆಡರಿಕ್ ಡಗ್ಲಸ್ ಅದನ್ನು ವಿರೋಧಿಸಿದನು. ಒಂದೇ ಒಂದು ಮತದ ಅಂತರದಿಂದ ಗಾರ್ನೆಟನ ಕರೆ ತಿರಸ್ಕೃತವಾಯಿತು. ಸಾತ್ತ್ವಿಕ ಮಾರ್ಗದ ಮೇಲಿನ ನಂಬಿಕೆ ಆ ವೇಳೆಗೆ ಎಷ್ಟು ತೆಳುವಾಗಿದ್ದಿತೆಂಬುದಕ್ಕೆ ಆ ಒಂದು ಮತವೇ ಸಾಕ್ಷಿ.

೪

ಅದನ್ನು ಸಂಪೂರ್ಣವಾಗಿ ಕಡಿದುಹಾಕಿದುದು ೧೮೫೦ರ ಪಲಾಯಿತ ಗುಲಾಮರ ಶಾಸನ. ಮೆಕ್ಸಿಕೋದಿಂದ ಗೆದ್ದ ಭೂಭಾಗಗಳ ವಿವಾದವನ್ನು ಬಗೆಹರಿಸಲು ಮಾಡಿಕೊಂಡ ಒಪ್ಪಂದದಲ್ಲಿ ದಕ್ಷಿಣಕ್ಕೆ ಸಂದ ದಕ್ಷಿಣೆ ಅದು. ಓಡಿಬಂದವನೆಂದು ಆರೋಪಿತನಾದವನಿಗೆ ಪಂಚರ ವಿಚಾರಣೆಯಿಲ್ಲ. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಹಕ್ಕಿಲ್ಲ. ತೀರ್ಪು ಕೊಡುವ ಅಧಿಕಾರಿಗೆ, ಅವನನ್ನು ಒಡೆಯನಿಗೆ ಒಪ್ಪಿಸಿದರೆ ಹತ್ತು ಡಾಲರ್, ಬಿಡುಗಡೆ ಮಾಡಿದರೆ ಐದು ಡಾಲರ್ ಸಂಭಾವನೆ. ಕರೆದಾಗ ಬಂದು ಹಿಡಿಯಲು ನೆರವಾಗುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ. ಅಡ್ಡಿ ಮಾಡಿದವನಿಗೆ ಸಾವಿರ ಡಾಲರಿನವರೆಗೆ ದಂಡ, ಆರು ತಿಂಗಳ ಸೆರೆ. ದಕ್ಷಿಣದ ಗುಲಾಮಗಿರಿ ತನಗೆ ಸಂಬಂಧಿಸಿದುದಲ್ಲವೆಂದು ಸುಮ್ಮನಿದ್ದ ಉತ್ತರದ ಗೃಹಸ್ಥನ ಮನೆಬಾಗಿಲಿಗೆ ಈ ಶಾಸನ ಬೇಡಿಯನ್ನು ತಂದು ಅವನ ಕೈಯಲ್ಲಿಟ್ಟಿತು.

ಮೊದಲು ಪ್ರತಿಭಟಿಸಿದವರು ಉತ್ತರದ ಊರುಗಳಲ್ಲಿ ನೆಲಸಿದ್ದ ಕರಿಯರು. ೧೮೫೧ನೆಯ ಸೆಪ್ಟೆಂಬರ್ ೧೧ರಂದು ಮೇರಿಲ್ಯಾಂಡಿನ ಎಡ್ವರ್ಡ್ ಗಾರ್ಸಚ್ ಎಂಬ ಒಡೆಯನು ತನ್ನಿಂದ ಓಡಿಹೋದವರನ್ನು ಹುಡುಕುತ್ತ ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾ ಹಳ್ಳಿಗೆ ಬಂದನು. ತಾನೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ವಿಲಿಯಂ ಪಾರ್ಕರನ ಮನೆಯಲ್ಲಿ ಅವರು ಅಡಗಿದ್ದರು. ಪಾರ್ಕರನ ಹೆಂಡತಿ ಮಹಡಿಯ ಕಿಟಕಿಯಿಂದ ಕಹಳೆ ಊದಿದೊಡನೆ ನೆರೆಹೊರೆಯವರು ಕೈಗೆ ಸಿಕ್ಕಿದ ಆಯುಧಗಳೊಡನೆ ಕೂಡಿದರು. ಕಾದಾಟದಲ್ಲಿ ಗಾರ್ಸಚ್ ಹತನಾದನು. ಪಾರ್ಕರನು ಡಗ್ಲಸನ ನೆರವಿನಿಂದ ಕೆನಡಾ ಸೇರಿದನು. ಸರಕಾರ ಮೂವತ್ತೆಂಟು ಮಂದಿಯ ಮೇಲೆ ರಾಜದ್ರೋಹದ ಆರೋಪ ಹೊರಿಸಿತು. ಮೊದಲನೆಯವನನ್ನು ಪಂಚರು ಕಾಲುಗಂಟೆಯಲ್ಲಿ ನಿರ್ದೋಷಿಯೆಂದು ಬಿಟ್ಟುದರಿಂದ ಉಳಿದವರ ಮೇಲಿನ ಮೊಕದ್ದಮೆಗಳೂ ಬಿದ್ದುಹೋದುವು. ಬಫಲೋದಲ್ಲಿ ಗಾರ್ನೆಟನನ್ನು ವಿರೋಧಿಸಿದ್ದ ಡಗ್ಲಸನೇ ಈಗ ಆತ್ಮರಕ್ಷಣೆಗಾಗಿ ಆಯುಧ ಹಿಡಿಯುವುದು ನ್ಯಾಯವೆಂದು ಹೇಳತೊಡಗಿದನು.

೧೮೫೪ರ ಮೇ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಆಂಥೊನಿ ಬರ್ನ್ಸ್ ಎಂಬ ಯುವಕ ಸೆರೆಸಿಕ್ಕಿದಾಗ ಕರಿಯರೂ ಬಿಳಿಯರೂ ಕೂಡಿ ತೊಲೆಯಿಂದ ನ್ಯಾಯಾಲಯದ ಬಾಗಿಲನ್ನು ಒಡೆದರು. ಮುಂದಾಳುಗಳಲ್ಲಿ ಒಬ್ಬನು ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಎಂಬ ಪಾದ್ರಿ. ಕಾವಲುಗಾರನೊಬ್ಬ ಸತ್ತನು, ಬರ್ನ್ಸನನ್ನು ಬಿಡಿಸುವುದು ಸಾಧ್ಯವಾಗಲಿಲ್ಲ. ಜೂನ್ ೨ರಂದು ಸೈನಿಕರ ಸಾಲುಗಳ ನಡುವೆ ಅವನನ್ನು ಹಡಗಿಗೆ ನಡೆಸಿಕೊಂಡು ಹೋಗುವಾಗ ಸಹಸ್ರಾರು ಜನ ನಿಂತು ಧಿಕ್ಕರಿಸಿದರು. ಕರಿಯಬಟ್ಟೆಗಳನ್ನು ಕಿಟಕಿಗಳಿಗೆ ತೂಗಬಿಟ್ಟಿದ್ದರು. ಅದೇ ಜುಲೈ ೪ರ ಸ್ವಾತಂತ್ರ್ಯದಿನದಂದು, ಶಾಂತಿವಾದಿ ಗ್ಯಾರಿಸನ್ನನೇ ತುಂಬಿದ ಸಭೆಯಲ್ಲಿ ದೇಶದ ರಾಜ್ಯಾಂಗದ ಪ್ರತಿಯೊಂದನ್ನು ಸುಟ್ಟುಹಾಕಿದನು.

೫

ಅದೇ ವರ್ಷ ಕ್ಯಾನ್ಸಸ್-ನೆಬ್ರಾಸ್ಕಾ ಶಾಸನ ಅಂಗೀಕೃತವಾಯಿತು. ಆ ಪ್ರದೇಶದಲ್ಲಿ ಗುಲಾಮಗಿರಿಯನ್ನು ೧೮೨೦ರಿಂದ ನಿಷೇಧಿಸಿದ್ದ ಎಲ್ಲೆ ಅಳಿಸಿಹೋಗಿ, ಅಲ್ಲಿ ನೆಲಸುವವರೇ ಮತ ಕೊಟ್ಟು ತೀರ್ಮಾನಿಸಲಿ ಎಂದಾಯಿತು. ಕೇಳಲು ಪ್ರಜಾತಂತ್ರ, ನಡೆದುದು ಬೇರೆ. ೧೮೫೫ರ ಮಾರ್ಚ್ ತಿಂಗಳ ಚುನಾವಣೆಯಲ್ಲಿ ಮತದಾನದ ಅರ್ಹತೆಯಿದ್ದವರು ೨,೯೦೫ ಮಂದಿ. ಬಿದ್ದ ಮತಗಳು ಆರು ಸಾವಿರಕ್ಕೂ ಮಿಕ್ಕು. ನೆರೆಯ ಮಿಸೂರಿ ಸಂಸ್ಥಾನದಿಂದ ಆಯುಧ ಸಹಿತ ಗಡಿ ದಾಟಿ ಬಂದವರು ಮತ ಹಾಕಿ ಹಿಂದಿರುಗಿದ್ದರು. ಮತಪೆಟ್ಟಿಗೆಯ ದಾರಿಯೂ ಹೀಗೆ ಮುಚ್ಚಿತು. ಉತ್ತರದಿಂದ ವಲಸೆ ಬಂದವರಿಗೆ ಈಗ ಷಾರ್ಪ್ಸ್ ಬಂದೂಕುಗಳ ಪೆಟ್ಟಿಗೆಗಳು ಬರತೊಡಗಿದುವು. ೧೮೫೬ನೆಯ ಮೇ ೨೧ರಂದು ಗುಲಾಮಗಿರಿಯ ಪಕ್ಷದವರು ಲಾರೆನ್ಸ್ ಪಟ್ಟಣವನ್ನು ಸೂರೆ ಮಾಡಿದರು. ಮರುದಿನ ವಾಷಿಂಗ್ಟನ್ನಿನ ಸೆನೆಟ್ ಸಭಾಂಗಣದಲ್ಲಿಯೇ, ದಕ್ಷಿಣ ಕೆರೊಲಿನಾದ ಪ್ರತಿನಿಧಿ ಪ್ರೆಸ್ಟನ್ ಬ್ರೂಕ್ಸ್ ಗುಲಾಮಗಿರಿಯ ವಿರೋಧಿಯಾದ ಸೆನೆಟರ್ ಚಾರ್ಲ್ಸ್ ಸಮ್ನರನನ್ನು ಬೆತ್ತದಿಂದ ರಕ್ತ ಸುರಿಯುವಂತೆ ಥಳಿಸಿದನು.

ಆಗ ಕ್ಯಾನ್ಸಸಿನಲ್ಲಿದ್ದ ಜಾನ್ ಬ್ರೌನನು ಮೇ ೨೪ರ ರಾತ್ರಿ ತನ್ನ ಮಕ್ಕಳೂ ಅನುಚರರೂ ಸೇರಿದ ಸಣ್ಣ ತಂಡದೊಡನೆ ಪಾಟವಾಟಮಿ ಹಳ್ಳದ ಬಳಿ ಐವರನ್ನು ಮನೆಗಳಿಂದ ಹೊರಕ್ಕೆಳೆದು ಕತ್ತಿಯಿಂದ ಕಡಿಸಿದನು. ಸತ್ತವರು ಗುಲಾಮಗಿರಿಯ ಪಕ್ಷಪಾತಿಗಳಾಗಿದ್ದರು. ಆದರೆ ಗುಲಾಮರ ಒಡೆಯರಾಗಿರಲಿಲ್ಲ. ಬ್ರೌನನ ಅಭಿಮಾನಿಗಳು ಬಹುಕಾಲ ಇದನ್ನು ಮರೆಸಲು ಯತ್ನಿಸಿದರು. ಇತಿಹಾಸ ಅದನ್ನು ಮರೆಸಲಾಗದು. ನ್ಯಾಯವಾದ ಉದ್ದೇಶ ಕೈಗೆ ಹತ್ತಿದ ರಕ್ತವನ್ನು ತೊಳೆದುಬಿಡುವುದಿಲ್ಲ.

ಬ್ರೌನನು ಚರ್ಮ ಹದಮಾಡುವ ಕಸುಬಿನವನು, ಕುರಿಸಾಕಣೆ ಉಣ್ಣೆವ್ಯಾಪಾರಗಳಲ್ಲಿ ಕೈಸುಟ್ಟುಕೊಂಡು ದಿವಾಳಿಯಾದವನು, ಬೈಬಲನ್ನು ಅಕ್ಷರಶಃ ನಂಬಿದವನು. ಆ ಕಾಲದ ಬಿಳಿಯ ವಿಮೋಚನಾವಾದಿಗಳಲ್ಲಿಯೂ ವಿರಳವಾಗಿದ್ದ ಒಂದು ಗುಣ ಅವನಲ್ಲಿದ್ದಿತು: ಕರಿಯರೊಡನೆ ಸಮಾನನಾಗಿ ಬಾಳುವುದು. ೧೮೫೧ರಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿನ ಕರಿಯರನ್ನು ಕೂಡಿಸಿ ಆತ್ಮರಕ್ಷಣೆಯ ದಳವೊಂದನ್ನು ಕಟ್ಟಿದ್ದನು. ೧೮೫೮ರ ಡಿಸೆಂಬರಿನಲ್ಲಿ ಮಿಸೂರಿಗೆ ನುಗ್ಗಿ ಹನ್ನೊಂದು ಮಂದಿ ಗುಲಾಮರನ್ನು ಬಿಡಿಸಿ, ಚಳಿಗಾಲದಲ್ಲಿ ದೂರದ ಕೆನಡಾಕ್ಕೆ ಸಾಗಿಸಿದನು. ಈ ನಡುವೆ, ೧೮೫೭ನೆಯ ಮಾರ್ಚ್ ೬ರಂದು ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಆಫ್ರಿಕದ ಮೂಲದವರು ಸಂಯುಕ್ತ ಸಂಸ್ಥಾನಗಳ ಪ್ರಜೆಗಳಾಗಲಾರರೆಂದೂ, ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲವೆಂದೂ ತೀರ್ಪಿತ್ತಿತು. ಅಂಚೆ, ಮನವಿ, ಸಭೆ, ಮತ ಇವುಗಳ ತರುವಾಯ ನ್ಯಾಯಪೀಠವೂ ಕದವಿಕ್ಕಿಕೊಂಡಿತು.

ಹಿಗಿನ್ಸನ್, ಥಿಯೊಡೋರ್ ಪಾರ್ಕರ್, ಗೆರಿಟ್ ಸ್ಮಿತ್ ಮೊದಲಾದ ಆರು ಮಂದಿ ಗಣ್ಯರು ಬ್ರೌನನಿಗೆ ಗುಟ್ಟಾಗಿ ಹಣ ಒದಗಿಸಿದರು. ೧೮೫೯ರ ಆಗಸ್ಟಿನಲ್ಲಿ ಚೇಂಬರ್ಸ್‌ಬರ್ಗಿನ ಹಳೆಯ ಕಲ್ಲುಗಣಿಯೊಂದರಲ್ಲಿ ಬ್ರೌನನು ಡಗ್ಲಸನನ್ನು ಕಂಡು ತನ್ನ ಯೋಜನೆಯನ್ನು ತಿಳಿಸಿದನು. ಅದು ಉಕ್ಕಿನ ಬೋನಿಗೆ ಹೊಕ್ಕಂತೆ, ಜೀವಂತ ಹೊರಬರಲಾಗದೆಂದು ಡಗ್ಲಸ್ ಎಚ್ಚರಿಸಿ ಹಿಂದೆಗೆದನು. ಅವನೊಡನೆ ಬಂದಿದ್ದ, ಗುಲಾಮಗಿರಿಯಿಂದ ಪಾರಾಗಿದ್ದ ಷೀಲ್ಡ್ಸ್ ಗ್ರೀನ್ ಮಾತ್ರ ಮುದುಕನೊಡನೆ ಹೋಗುವೆನೆಂದನು.

ಡಗ್ಲಸನ ಎಣಿಕೆ ಸರಿಯಾಯಿತು. ಅಕ್ಟೋಬರ್ ೧೬ರ ರಾತ್ರಿ ಶಸ್ತ್ರಾಗಾರ ಕೈವಶವಾಯಿತು. ನಿರೀಕ್ಷಿಸಿದ ದಂಗೆ ಏಳಲಿಲ್ಲ. ಗುಲಾಮರ ಬಿಡುಗಡೆಗೆಂದು ಬಂದವರ ಗುಂಡಿಗೆ ಮೊದಲು ಬಲಿಯಾದವನು ಹೇವರ್ಡ್ ಷೆಪರ್ಡ್ ಎಂಬ ಸ್ವತಂತ್ರ ಕರಿಯ, ರೈಲುನಿಲ್ದಾಣದ ನೌಕರ. ೧೮ರ ಬೆಳಗ್ಗೆ ಕರ್ನಲ್ ರಾಬರ್ಟ್ ಲೀಯ ಕೈಕೆಳಗಿನ ನೌಕಾಯೋಧರು ಬಾಗಿಲೊಡೆದು ಬ್ರೌನನನ್ನು ಹಿಡಿದರು. ಅವನ ಇಬ್ಬರು ಮಕ್ಕಳೂ ಸೇರಿ ತಂಡದ ಹತ್ತು ಮಂದಿ ಸತ್ತರು, ಬ್ರೌನನೂ ಗ್ರೀನನೂ ಸೇರಿ ಏಳು ಮಂದಿ ಗಲ್ಲಿಗೇರಿದರು, ಐವರು ತಪ್ಪಿಸಿಕೊಂಡರು. ಯುದ್ಧದೃಷ್ಟಿಯಿಂದ ಇದು ಪೂರ್ಣ ವಿಫಲತೆ. ಆದರೆ ಸೆರೆ ಮತ್ತು ನೇಣಿನ ನಡುವೆ ದೊರೆತ ಆರು ವಾರಗಳಲ್ಲಿ ಬ್ರೌನನು ಖಡ್ಗದಿಂದ ಸಾಧಿಸಲಾರದುದನ್ನು ಮಾತಿನಿಂದ ಸಾಧಿಸಿದನು. ಗಾಯಗೊಂಡು ಮಂಚದ ಮೇಲೆ ಮಲಗಿಯೇ ವಿಚಾರಣೆಗೆ ಒಳಗಾದ ಅವನ ನ್ಯಾಯಾಲಯದ ಭಾಷಣವೂ ಸೆರೆಮನೆಯ ಪತ್ರಗಳೂ ಉತ್ತರದ ಪತ್ರಿಕೆಗಳಲ್ಲಿ ಅಚ್ಚಾದುವು. ಈ ದೇಶದ ಪಾಪ ರಕ್ತದಿಂದಲ್ಲದೆ ತೊಳೆಯಲಾರದೆಂಬ ಅರ್ಥದ ಚೀಟಿಯನ್ನು ಬರೆದಿಟ್ಟು ಅವನು ವಧಸ್ಥಾನಕ್ಕೆ ಹೋದನು. ಅಂದು ಉತ್ತರದ ಅನೇಕ ಊರುಗಳಲ್ಲಿ ಇಗರ್ಜಿಯ ಗಂಟೆಗಳು ಮೊಳಗಿದುವು.

೬

ಆ ಗಂಟೆಗಳ ಸದ್ದು ದಕ್ಷಿಣಕ್ಕೆ ಕೇಳಿಸಿತು; ಉತ್ತರದ ನಾಯಕರ ಖಂಡನೆಗಳು ಕೇಳಿಸಲಿಲ್ಲ. ಬ್ರೌನನು ತಮ್ಮ ಪಕ್ಷದವನಲ್ಲವೆಂದು ಲಿಂಕನ್ನನು ೧೮೬೦ರ ಫೆಬ್ರುವರಿಯಲ್ಲಿ ನ್ಯೂ ಯಾರ್ಕಿನ ಭಾಷಣದಲ್ಲಿ ಸ್ಪಷ್ಟಪಡಿಸಿದರೂ ದಕ್ಷಿಣ ನಂಬಲಿಲ್ಲ. ಊರೂರುಗಳಲ್ಲಿ ನಾಗರಿಕ ಪಡೆಗಳು ಕವಾಯತು ಆರಂಭಿಸಿದುವು. ಏಪ್ರಿಲಿನಲ್ಲಿ ಡೆಮಾಕ್ರಟಿಕ್ ಪಕ್ಷ ಗುಲಾಮಗಿರಿಯ ಪ್ರಶ್ನೆಯ ಮೇಲೆ ಒಡೆಯಿತು. ನವೆಂಬರಿನಲ್ಲಿ ಸುಮಾರು ನೂರಕ್ಕೆ ನಾಲ್ವತ್ತರಷ್ಟು ಮತ ಪಡೆದು ಲಿಂಕನ್ನನು ಗೆದ್ದನು. ಡಿಸೆಂಬರ್ ೨೦ರಂದು ದಕ್ಷಿಣ ಕೆರೊಲಿನಾ ಒಕ್ಕೂಟವನ್ನು ಬಿಟ್ಟಿತು. ಉತ್ತರದವರು ಓಡಿಬಂದ ಗುಲಾಮರನ್ನು ಒಪ್ಪಿಸುತ್ತಿಲ್ಲವೆಂಬುದೇ ಅದು ಪ್ರಕಟಿಸಿದ ಕಾರಣಗಳಲ್ಲಿ ಮುಖ್ಯವಾದುದು. ರಾತ್ರಿಯಲ್ಲಿ ನಕ್ಷತ್ರ ನೋಡಿ ನಡೆದ ಅನಾಮಿಕ ಗುಲಾಮನ ಹೆಜ್ಜೆ ಒಂದು ಮಹಾರಾಜ್ಯವನ್ನು ಎರಡಾಗಿ ಒಡೆಯುವಷ್ಟು ಬಲವುಳ್ಳದ್ದಾಗಿದ್ದಿತೆಂಬುದನ್ನು ಅವನ ವಿರೋಧಿಗಳೇ ದಾಖಲೆ ಮಾಡಿದರು.

ಯುದ್ಧ ಬಂದ ಮೇಲೆ ಹಿಂದಿನ ವಾದಗಳು ಬೇರೆ ರೂಪ ತಳೆದುವು. ಹಿಗಿನ್ಸನ್ ಹಿಂದಿನ ಗುಲಾಮರಿಂದಲೇ ಕೂಡಿದ ಪಡೆಯ ನಾಯಕನಾದನು. ಓಡಿಬಂದು, ಮತ್ತೆ ಮತ್ತೆ ಹಿಂದಿರುಗಿ ಸುಮಾರು ಎಪ್ಪತ್ತು ಮಂದಿಯನ್ನು ಬಿಡಿಸಿ ತಂದಿದ್ದ ಹ್ಯಾರಿಯೆಟ್ ಟಬ್‌ಮನ್ ೧೮೬೩ರ ಜೂನಿನಲ್ಲಿ ಕಂಬಾಹೀ ನದಿಯ ದಾಳಿಗೆ ದಾರಿ ತೋರಿಸಿದಳು. ಅಂದು ಏಳುನೂರಕ್ಕೂ ಹೆಚ್ಚು ಮಂದಿ ಬಿಡುಗಡೆ ಹೊಂದಿದರು. ಡಗ್ಲಸನ ಇಬ್ಬರು ಮಕ್ಕಳು ಸೈನ್ಯ ಸೇರಿದರು. ಗ್ಯಾರಿಸನ್ನನ ಹಿರಿಯ ಮಗನೂ ತಂದೆಯ ತತ್ತ್ವವನ್ನು ಮೀರಿ ಸೇರಿದನು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ಕರಿಯರು ಒಕ್ಕೂಟದ ಸೈನಿಕರಾಗಿದ್ದರು. ವಾಕರನೂ ಗಾರ್ನೆಟನೂ ಕೊಟ್ಟ ಕರೆಯನ್ನು ಈಗ ಸರಕಾರವೇ ಸಮವಸ್ತ್ರ ತೊಡಿಸಿ ಅಂಗೀಕರಿಸಿದ್ದಿತು. ೧೮೬೫ರ ಡಿಸೆಂಬರಿನಲ್ಲಿ ರಾಜ್ಯಾಂಗದ ಹದಿಮೂರನ್ನೆಯ ತಿದ್ದುಪಡಿಯಿಂದ ಗುಲಾಮಗಿರಿ ಅಳಿಯಿತು. ಆ ತಿಂಗಳ ಕೊನೆಯಲ್ಲಿ ಗ್ಯಾರಿಸನ್ನನು ತನ್ನ ಪತ್ರಿಕೆಯನ್ನು ನಿಲ್ಲಿಸಿದನು.

ಉಗ್ರ ವಿಮೋಚನಾವಾದಿಗಳು ಯುದ್ಧವನ್ನು ತಂದರೆಂಬ ಮಾತಿನಲ್ಲಿ ಅರ್ಧಸತ್ಯವಿದೆ. ನಡುವಿನ ನೆಲವನ್ನು ಅವರು ಕುಸಿಯುವಂತೆ ಮಾಡಿದುದು ನಿಜ. ಆದರೆ ಆ ನೆಲ ಎಂತಹುದು? ನಾಲ್ವತ್ತು ಲಕ್ಷ ಜನ ಅದರ ಅಡಿಯಲ್ಲಿ ಹೂತುಹೋಗಿದ್ದರು. ಚಾವಟಿ, ಬೇಟೆನಾಯಿ, ಮಕ್ಕಳ ಹರಾಜು ಇವುಗಳ ಬಲದಿಂದ ನಿಂತ ಶಾಂತಿಯನ್ನು ಶಾಂತಿಯೆಂದು ಕರೆದವರಿಗೆ ಮಾತ್ರ ಯುದ್ಧ ೧೮೬೧ರಲ್ಲಿ ಆರಂಭವಾಯಿತು. ಗ್ಯಾರಿಸನ್ನನ ಮಾರ್ಗ ಸೋಲಲೂ ಇಲ್ಲ, ಒಂಟಿಯಾಗಿ ಗೆಲ್ಲಲೂ ಇಲ್ಲ. ಅವನು ಎಚ್ಚರಿಸಿದ ಆತ್ಮಸಾಕ್ಷಿಯಿಲ್ಲದಿದ್ದರೆ ಬ್ರೌನನ ಸಾವಿಗೆ ಯಾವ ಗಂಟೆಯೂ ಮೊಳಗುತ್ತಿರಲಿಲ್ಲ. ಸಾಧನಶುದ್ಧಿಯನ್ನು ಕುರಿತು ವಿಚಾರ ಮಾಡುವಾಗ ಈ ಇತಿಹಾಸ ಕೇಳುವ ಪ್ರಶ್ನೆ ಒಂದಿದೆ: ನ್ಯಾಯ ಕೇಳಿದವನು ಯಾವ ಸಾಧನವನ್ನು ಆರಿಸಿದನು ಎಂಬುದರ ಜೊತೆಗೆ, ಅವನ ಪಾಲಿಗೆ ಯಾವ ಸಾಧನವನ್ನು ಉಳಿಸಿದ್ದರು?

ಯುದ್ಧ ಮುಗಿದ ಎಂಟು ವರ್ಷಗಳಿಗೆ, ೧೮೭೩ರಲ್ಲಿ, ಪುಣೆಯಲ್ಲಿ ಜೋತಿಬಾ ಫುಲೆಯವರು ತಮ್ಮ 'ಗುಲಾಮಗಿರಿ' ಎಂಬ ಮರಾಠಿ ಗ್ರಂಥವನ್ನು ಪ್ರಕಟಿಸಿದರು. ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿ, ತಮ್ಮ ದೇಶದವರೂ ಆ ಮೇಲ್ಪಂಕ್ತಿಯನ್ನು ಅನುಸರಿಸಿ ಶೂದ್ರರನ್ನು ಬಂಧನದಿಂದ ಬಿಡಿಸಲೆಂದು ಹಾರೈಸಿದರು. ಅವರು ಆರಿಸಿಕೊಂಡ ಸಾಧನಗಳು ಪಾಠಶಾಲೆ, ಪುಸ್ತಕ, ಸಭೆ. ಅಮೆರಿಕದ ದಕ್ಷಿಣದಲ್ಲಿ ಮೊದಲು ಮುಚ್ಚಿದ ಬಾಗಿಲುಗಳು ಇವೇ.